ಕೆಟ್ಟಿದ್ದು ಚಾಸಿಸ್, ಬದಲಾಯಿಸಿದ್ದು ಕಾರ್ಡ್

ಮಾನ್ಯ ಸಂಪಾದಕರೇ,

ಎಲ್ಲಾದರೂ ಹೊಸ ಕಂಟ್ರೋಲ್ ರೂಮ್ ಶುರುವಾದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಮುಂದೆ ರಿಬ್ಬನ್ ಕತ್ತರಿಸುವವರು, ಹಿಂದೆ ಸಾಲಾಗಿ ಹಸಿರು ದೀಪ ಮಿನುಗುವ ಕಪ್ಪು ಬೀರುಗಳು. ಫೋಟೊ ಚೆನ್ನಾಗಿಯೇ ಇರುತ್ತದೆ. ಅದೇ ಬೀರುಗಳನ್ನು ಮೂರು ವರ್ಷ ಆದಮೇಲೆ ತೆರೆದು ನೋಡುವ ಕೆಲಸ ನನ್ನದು. 22 ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ತೆರೆದಾಗ ಕಾಣುವುದರ ಫೋಟೊ ಮಾತ್ರ ಯಾರೂ ಹಾಕುವುದಿಲ್ಲ, ಹಾಗಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ. ಕತ್ತರಿಸಬೇಕೆಂದರೆ ಎಲ್ಲಿ ಬೇಕಾದರೂ ಕತ್ತರಿಸಿ, ಫಿಲ್ಟರ್ ವಿಷಯ ಒಂದನ್ನು ಉಳಿಸಿಕೊಳ್ಳಿ.

ಇದರ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಆ ಬೀರುವಿನ ಚೌಕಟ್ಟಿಗೆ ರ‍್ಯಾಕ್ ಅನ್ನುತ್ತಾರೆ. ಅದರೊಳಗೆ ಸ್ಕ್ರೂ ಬಿಗಿದು ಕೂರಿಸಿದ ಲೋಹದ ಡಬ್ಬವೇ ಚಾಸಿಸ್. ಡಬ್ಬದ ಮುಖದಲ್ಲಿ ಪುಸ್ತಕದ ಗೂಡಿನ ಹಾಗೆ ಸ್ಲಾಟ್‌ಗಳು, ಒಂದೊಂದು ಸ್ಲಾಟ್‌ಗೆ ಒಂದೊಂದು ಕಾರ್ಡ್. ಒಂದು ಕಾರ್ಡ್ ಅಳೆಯುತ್ತದೆ, ಇನ್ನೊಂದು ಸಿಗ್ನಲ್ ಕಳಿಸುತ್ತದೆ, ಮತ್ತೊಂದು ಉಳಿದವುಗಳ ಮೇಲೆ ಯಜಮಾನಿಕೆ ಮಾಡುತ್ತದೆ. ಎಲ್ಲವೂ ಹಿಂಬದಿಯಲ್ಲಿರುವ ಒಂದೇ ಬೋರ್ಡಿಗೆ ಚುಚ್ಚಿಕೊಂಡಿರುತ್ತವೆ, ಅದರ ಹೆಸರು ಬ್ಯಾಕ್‌ಪ್ಲೇನ್. ಕಾರ್ಡ್‌ಗಳಿಗೆ ವಿದ್ಯುತ್ತು ಬರುವುದು ಅಲ್ಲಿಂದ, ಅವು ಒಂದಕ್ಕೊಂದು ಮಾತಾಡುವುದೂ ಅದರ ಮೂಲಕ. ಜೊತೆಗೆ ಫ್ಯಾನ್‌ಗಳು, ಫ್ಯಾನ್ ಮುಂದೆ ಫಿಲ್ಟರ್, ಒಂದೋ ಎರಡೋ ಪವರ್ ಸಪ್ಲೈ. ಟೆಲಿಫೋನ್ ಎಕ್ಸ್‌ಚೇಂಜ್, ಟಿವಿ ಸ್ಟುಡಿಯೊ, ಕಾರ್ಖಾನೆಯ ಪರೀಕ್ಷಾ ಕೊಠಡಿ, ಸಂಶೋಧನಾ ಪ್ರಯೋಗಾಲಯ, ಎಲ್ಲ ಕಡೆಯೂ ಇದೇ ಸಂಸಾರ.

ಈಗ ದೂರು. ಏನಾದರೂ ನಿಂತುಹೋದರೆ ಎಲ್ಲರೂ ಮೊದಲು ಬೆರಳು ತೋರಿಸುವುದು ಕಾರ್ಡ್ ಕಡೆಗೆ. ಕಾರ್ಡ್‌ಗೆ ಬೆಲೆ ಇದೆ, ಹೆಸರಿದೆ, ಸೀರಿಯಲ್ ನಂಬರ್ ಇದೆ, ಕೆಂಪು ದೀಪವೂ ಅದರ ಮೇಲೆಯೇ ಉರಿಯುತ್ತದೆ. ಚಾಸಿಸ್‌ಗೆ ಏನಿದೆ? ಅದು ಸುಮ್ನೆ ಡಬ್ಬ ಅಲ್ವಾ, ಅನ್ನುತ್ತಾರೆ. ಆದರೆ ನಾನು ಹೋಗಿ ನೋಡಿದ ಕಡೆ ಬಹಳ ಸಲ ಕಾರ್ಡ್ ನೆಟ್ಟಗೇ ಇತ್ತು. ಕೆಟ್ಟಿದ್ದು ಅದು ಕೂತಿದ್ದ ಮನೆ: ಗಾಳಿ ಇಲ್ಲ, ಅರ್ತಿಂಗ್ ಸಡಿಲ, ಪಿನ್ ಬಾಗಿದೆ, ಇಲ್ಲವೇ ಸ್ಕ್ರೂ ಹಾಕಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಸರಿಯಾಗಿ ಅದೇ.

ಒಂದು ಕಡೆ ನಡೆದದ್ದು ಹೇಳುತ್ತೇನೆ, ಜಾಗದ ಹೆಸರು ಬೇಡ. ನಾಲ್ಕನೇ ಸ್ಲಾಟಿನ ಕಾರ್ಡ್ ದಿನಾ ಮಧ್ಯಾಹ್ನದ ಹೊತ್ತಿಗೆ ಸ್ತಬ್ಧವಾಗುತ್ತಿತ್ತು. ಬೆಳಿಗ್ಗೆ ಸರಿ, ಸಂಜೆ ಸರಿ, ಮಧ್ಯಾಹ್ನ ಮಾತ್ರ ತಕರಾರು. ಕಾರ್ಡ್ ಬದಲಾಯಿಸಿದರು. ಮತ್ತೆ ಅದೇ. ಇನ್ನೊಂದು ಹಾಕಿದರು, ಮೂರನೆಯದನ್ನೂ ಹಾಕಿದರು. ತೆಗೆದ ಕಾರ್ಡ್‌ಗಳು ತಯಾರಕರ ಬಳಿಗೆ ಹೋಗಿ 'ದೋಷ ಕಂಡುಬಂದಿಲ್ಲ' ಅಂತ ಚೀಟಿ ಅಂಟಿಸಿಕೊಂಡು ವಾಪಸ್ ಬಂದವು. ತಯಾರಕರು ಮೋಸ ಮಾಡುತ್ತಿದ್ದಾರೆ ಅಂತ ಇವರ ಸಿಟ್ಟು. ನಾನು ಹೋದಾಗ ಕಂಡಿದ್ದು ಇಷ್ಟು: ಐದು ಮತ್ತು ಆರನೇ ಸ್ಲಾಟ್ ಖಾಲಿ, ಎರಡಕ್ಕೂ ಮುಚ್ಚಳ ಇಲ್ಲ. ಒಳಗೆ ಇಣುಕಿದರೆ ಬ್ಯಾಕ್‌ಪ್ಲೇನ್ ಕಾಣುತ್ತಿತ್ತು. ಮುಚ್ಚಳ ಎಲ್ಲಿ ಅಂತ ಕೇಳಿದೆ. ಮೇಜಿನ ಡ್ರಾಯರ್‌ನಲ್ಲಿ, ಮ್ಯಾನ್ಯುಯಲ್ ಜೊತೆ, ಬಿಚ್ಚದ ಪ್ಲಾಸ್ಟಿಕ್ ಕವರಿನಲ್ಲಿ ಸಿಕ್ಕವು. 'ಅದು ಅಂದಕ್ಕೆ ಅಂದುಕೊಂಡಿದ್ದೆವು' ಅಂದರು.

ಅಂದಕ್ಕಲ್ಲ. ಆ ತಗಡಿನ ತುಂಡಿಗೆ ಬ್ಲ್ಯಾಂಕ್ ಪ್ಯಾನೆಲ್ ಅನ್ನುತ್ತಾರೆ, ಗಾಳಿಯನ್ನು ದಾರಿಗೆ ತರುವುದೇ ಅದರ ಕೆಲಸ. ಗಾಳಿ ನೀರಿನ ಹಾಗೆ, ಸುಲಭದ ದಾರಿ ಸಿಕ್ಕಿದರೆ ಇಕ್ಕಟ್ಟಿನ ದಾರಿಗೆ ಹೋಗುವುದಿಲ್ಲ. ಖಾಲಿ ಸ್ಲಾಟಿನ ಬಾಯಿ ತೆರೆದಿದ್ದರೆ ಫ್ಯಾನ್ ತಳ್ಳಿದ ಗಾಳಿ ಅಲ್ಲಿಂದಲೇ ಹೊರಗೆ ಹೋಗುತ್ತದೆ, ಒತ್ತಾಗಿ ಕೂತ ಕಾರ್ಡ್‌ಗಳ ನಡುವೆ ನುಸುಳುವ ಕಷ್ಟ ಅದಕ್ಕೇಕೆ? ಫ್ಯಾನ್ ಭರ್ರೆಂದು ತಿರುಗುತ್ತಲೇ ಇರುತ್ತದೆ, ಪಕ್ಕದ ಕಾರ್ಡ್ ಬೇಯುತ್ತಲೇ ಇರುತ್ತದೆ. ಎರಡು ಪ್ಯಾನೆಲ್ ಹಾಕಿ ನಾಲ್ಕು ಸ್ಕ್ರೂ ಬಿಗಿದೆ. ಹತ್ತು ನಿಮಿಷದ ಕೆಲಸ. ಆ ಕಾರ್ಡ್ ಆಮೇಲೆ ತಕರಾರು ತೆಗೆಯಲಿಲ್ಲ. ಕೆಲವು ಚಾಸಿಸ್‌ಗಳಲ್ಲಿ ಮುಂದಿನ ಪ್ಯಾನೆಲ್ ಸಾಲದು, ಸ್ಲಾಟಿನ ಒಳಗೂ ಒಂದು ಪ್ಲಾಸ್ಟಿಕ್ ತಡೆ ಕೂರಿಸಬೇಕು. ಅದು ಹೆಚ್ಚಾಗಿ ಬೇರೆ ಆರ್ಡರ್ ಮಾಡಬೇಕಾದ ವಸ್ತು, ಹಾಗಾಗಿ ಯಾರೂ ತರಿಸುವುದಿಲ್ಲ.

ಗಾಳಿ ಎಷ್ಟು ಬೇಕು ಅನ್ನುವುದಕ್ಕೆ ಲೆಕ್ಕ ಇದೆ, ದೊಡ್ಡ ವಿದ್ಯೆಯೇನಲ್ಲ. 500 ವಾಟ್ ತಿನ್ನುವ ಚಾಸಿಸ್ ಹೆಚ್ಚುಕಡಿಮೆ ಅಷ್ಟನ್ನೂ ಶಾಖವಾಗಿಯೇ ಉಗುಳುತ್ತದೆ. ಒಳಹೋಗುವ ಗಾಳಿಗಿಂತ ಹೊರಬರುವ ಗಾಳಿ 10 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಬಾರದು ಅಂದರೆ ನಿಮಿಷಕ್ಕೆ ಸುಮಾರು 2.5 ಘನ ಮೀಟರ್ ಗಾಳಿ ಹರಿಯಬೇಕು. ಫಿಲ್ಟರ್ ಅರ್ಧ ಕಟ್ಟಿಕೊಂಡು ಹರಿವು ಅರ್ಧಕ್ಕೆ ಇಳಿಯಿತು ಅಂದುಕೊಳ್ಳಿ, ಅದೇ 10 ಡಿಗ್ರಿ 20 ಆಗುತ್ತದೆ. ಅದಕ್ಕೇ ನಾನು ಕೂರಿಸಿದ ಮೊದಲ ದಿನವೇ ಗಾಳಿ ಒಳಹೋಗುವ ಕಡೆ ಮತ್ತು ಹೊರಬರುವ ಕಡೆ ಎರಡೂ ಉಷ್ಣತೆ ಅಳೆದು ಬಾಗಿಲ ಒಳಗೆ ಬರೆದಿಡುತ್ತೇನೆ. ಆರು ತಿಂಗಳ ನಂತರ ಅದೇ ಕೆಲಸದ ಹೊರೆಯಲ್ಲಿ ಅಂತರ ಹೆಚ್ಚಿದ್ದರೆ ಒಳಗೆ ಏನೋ ಕಟ್ಟಿಕೊಂಡಿದೆ ಅಂತ ಅರ್ಥ. ಇದಕ್ಕೆ ಬೇಕಾಗಿದ್ದು ಒಂದು ಥರ್ಮಾಮೀಟರ್, ಒಂದು ಪೆನ್ನು. ಮೊದಲ ದಿನದ ಅಂಕಿ ಮಾತ್ರ ಮೊದಲ ದಿನವೇ ಬರೆಯಬೇಕು, ಆಮೇಲೆ ಎಲ್ಲಿಂದ ತರುತ್ತೀರಿ?

ಕೂರಿಸುವ ಕೆಲಸದಲ್ಲಿ ಆಗುವ ಎಡವಟ್ಟುಗಳೂ ಸಣ್ಣವಲ್ಲ. ರ‍್ಯಾಕ್‌ನ ಅಳತೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ, 19 ಇಂಚು ಅಂದರೆ 482.6 ಮಿಲಿಮೀಟರ್ ಅಗಲ. ಎತ್ತರವನ್ನು ಯೂನಿಟ್‌ನಲ್ಲಿ ಎಣಿಸುತ್ತಾರೆ, ಒಂದು ಯೂನಿಟ್ 44.45 ಮಿಲಿಮೀಟರ್. ಟೆಲಿಫೋನ್ ಎಕ್ಸ್‌ಚೇಂಜ್‌ಗಳ ರಿಲೇಗಳನ್ನು (ವಿದ್ಯುತ್ತಿನಿಂದ ನಡೆಯುವ ಸ್ವಿಚ್‌ಗಳನ್ನು) ಕೂರಿಸಲು ಕಳೆದ ಶತಮಾನದ ಮೊದಲರ್ಧದಲ್ಲಿ ಬಂದ ಅಳತೆ ಇದು. ಆಮೇಲೆ 1981ರಲ್ಲಿ ವಿಎಂಇ ಅನ್ನುವ ಕಾರ್ಡ್-ಚಾಸಿಸ್ ಮಾದರಿ ಬಂತು, 1997ರಲ್ಲಿ ಅಳತೆ ಉಪಕರಣಗಳ ಮಾದರಿ ಪಿಎಕ್ಸ್‌ಐ ಬಂತು, ಒಳಗಿನ ವಿದ್ಯೆ ಪೂರ್ತಿ ಬದಲಾಯಿತು, ಚೌಕಟ್ಟು ಮಾತ್ರ ಅದೇ ಅಜ್ಜನ ಕಾಲದ್ದು. ನನಗೆ ಇದು ಯಾವತ್ತೂ ಖುಷಿ ಕೊಡುವ ಸಂಗತಿ. ಇವತ್ತಿನ ಡಬ್ಬ ನಲವತ್ತು ವರ್ಷ ಹಳೆಯ ರ‍್ಯಾಕ್‌ಗೆ ತಕರಾರಿಲ್ಲದೆ ಕೂರುತ್ತದೆ.

ಆದರೆ ಆ ರ‍್ಯಾಕ್‌ನ ತೂತುಗಳು ಸಮನಾದ ದೂರದಲ್ಲಿಲ್ಲ. ಹೊಸಬರು ಎಡವುವುದೇ ಇಲ್ಲಿ. 15.875 ಮಿಲಿಮೀಟರ್, ಮತ್ತೆ 15.875, ಆಮೇಲೆ 12.7, ಈ ಲೆಕ್ಕದಲ್ಲಿ ಮೇಲಿನವರೆಗೆ ಹೋಗುತ್ತವೆ. ಆ 12.7ರ ಚಿಕ್ಕ ಅಂತರದ ನಡುಮಧ್ಯೆ ಒಂದು ಯೂನಿಟ್ ಮುಗಿದು ಇನ್ನೊಂದು ಶುರುವಾಗುತ್ತದೆ. ಇದು ಗೊತ್ತಿಲ್ಲದೆ ಒಂದು ತೂತು ಮೇಲೆ ಕೆಳಗೆ ಮಾಡಿ ಬಿಗಿದರೆ ಚಾಸಿಸ್ ಯೂನಿಟ್‌ನ ಗಡಿ ದಾಟಿ ಕೂರುತ್ತದೆ. ಅವತ್ತಿಗೆ ಏನೂ ಗೊತ್ತಾಗುವುದಿಲ್ಲ. ಎರಡು ವರ್ಷ ಬಿಟ್ಟು ಅದರ ಮೇಲೆ ಇನ್ನೊಂದು ಡಬ್ಬ ಕೂರಿಸಲು ಬಂದವನು ಎಲ್ಲವನ್ನೂ ಬಿಚ್ಚಬೇಕು. ಆ ಬಂದವನು ಎಷ್ಟೋ ಸಲ ನಾನೇ ಆಗಿದ್ದೇನೆ, ಕೂರಿಸಿದವನನ್ನು ಏನಂತ ಬೈದುಕೊಂಡೆ ಅನ್ನುವುದು ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಇನ್ನು ಕೇಜ್ ನಟ್. ಚೌಕಾಕಾರದ ತೂತಿಗೆ ಸಿಕ್ಕಿಸುವ ಸ್ಪ್ರಿಂಗ್ ಪಂಜರದೊಳಗಿನ ನಟ್ ಅದು. ಅದನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ಕೂರಿಸಲು ಹೋಗಿ ಬೆರಳು ಕುಯ್ದುಕೊಳ್ಳದವನು ಈ ಕಸುಬಿನಲ್ಲಿ ಇರಲಾರ. ಅದಕ್ಕೇ ಅಂತ ಒಂದು ಕೊಕ್ಕೆಯ ಉಪಕರಣ ಬರುತ್ತದೆ, ಬಳಸಿ. ಚಾಸಿಸ್ ಬಿಗಿಯುವ ಎಲ್ಲ ತೂತಿಗೂ ಹಾಕಿ. ನಾಲ್ಕು ಸ್ಕ್ರೂ ಇರಬೇಕಾದ ಕಡೆ ಮೇಲೆ ಎರಡೇ ಬಿಗಿದು 'ಆಮೇಲೆ ನೋಡೋಣ' ಅಂತ ಹೋದ ಕೆಲಸ ಎಷ್ಟು ಕಡೆ ನೋಡಿದ್ದೇನೋ ಲೆಕ್ಕವಿಲ್ಲ. ಆಳ ಜಾಸ್ತಿ ಇರುವ ಚಾಸಿಸ್ ಅನ್ನು ಬರೀ ಮುಂದಿನ ಕಿವಿಗಳ (ಸ್ಕ್ರೂ ಬಿಗಿಯುವ ಅಂಚಿನ ಪಟ್ಟಿಗಳ) ಮೇಲೆ ನೇತುಹಾಕುವುದಂತೂ ಬೇಡವೇ ಬೇಡ. ಹಿಂದಿನ ಭಾರ ಕೆಳಗೆ ಜಗ್ಗುತ್ತದೆ, ಕಿವಿ ಬಾಗುತ್ತದೆ, ಡಬ್ಬ ಸೊಟ್ಟಗಾಗುತ್ತದೆ. ಸೊಟ್ಟಗಾದ ಡಬ್ಬದಲ್ಲಿ ಕಾರ್ಡ್ ನೆಟ್ಟಗೆ ಹೋಗುವುದಿಲ್ಲ. ಕೆಳಗೆ ಆಧಾರದ ರೈಲು ಅಥವಾ ಹಲಗೆ ಇರಲೇಬೇಕು.

ಎತ್ತುವಾಗ ಕಾರ್ಡ್, ಪವರ್ ಸಪ್ಲೈ, ಫ್ಯಾನ್ ಟ್ರೇ ಎಲ್ಲ ಹೊರಗೆ ತೆಗೆದು ಬರೀ ಡಬ್ಬ ಎತ್ತಿ, ಇಬ್ಬರು ಸೇರಿ ಎತ್ತಿ. ಕಾರ್ಡಿನ ಹಿಡಿ ಹಿಡಿದು ಇಡೀ ಚಾಸಿಸ್ ಎಳೆದವರನ್ನು ನೋಡಿದ್ದೇನೆ. ಆ ಹಿಡಿ ಇರುವುದು ಒಂದು ಕಾರ್ಡ್ ಎಳೆಯಲು. ಭಾರದ್ದು ರ‍್ಯಾಕ್‌ನ ತಳದಲ್ಲಿ, ಹಗುರದ್ದು ಮೇಲೆ, ಮತ್ತು ರ‍್ಯಾಕ್ ನೆಲಕ್ಕೆ ಬೋಲ್ಟ್ ಆಗಿರಬೇಕು. ಇಷ್ಟು ಸಾಕು, ಉಳಿದದ್ದು ಮ್ಯಾನ್ಯುಯಲ್‌ನಲ್ಲಿದೆ.

ಅರ್ತಿಂಗ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಚಾಸಿಸ್ ಹಿಂದೆ ಅರ್ತ್ ಗುರುತಿನ ಸ್ಕ್ರೂ ಒಂದು ಇರುತ್ತದೆ. ಅದಕ್ಕೆ ಹಸಿರು-ಹಳದಿ ತಂತಿ ಹಾಕಿ ರ‍್ಯಾಕ್‌ನ ಅರ್ತ್ ಪಟ್ಟಿಗೆ ಸೇರಿಸಬೇಕು. ತಂತಿ ಹಾಕುತ್ತಾರೆ, ಆದರೆ ರ‍್ಯಾಕ್‌ನ ಬಣ್ಣದ ಮೇಲೇ ಬಿಗಿಯುತ್ತಾರೆ. ಬಣ್ಣ ವಿದ್ಯುತ್ತನ್ನು ಬಿಡುತ್ತದೆಯೇ? ನೋಡಲು ಅರ್ತ್ ಇದೆ, ನಿಜವಾಗಿ ಇಲ್ಲ. ಬಣ್ಣ ಕೆರೆದು, ಹಲ್ಲಿನ ವಾಷರ್ ಇಟ್ಟು ಬಿಗಿದು, ಮೀಟರ್ ಇಟ್ಟು ನೋಡಬೇಕು. ಅಳತೆಯ ಕಾರ್ಡ್‌ನಲ್ಲಿ ಅಂಕಿ ಕುಣಿಯುತ್ತಿದೆ, ಕಾರ್ಡ್ ಕೆಟ್ಟಿದೆ ಅಂತ ಕರೆ ಬಂದಾಗ ನಾನು ಮೊದಲು ನೋಡುವುದೇ ಈ ಸ್ಕ್ರೂ.

ಈಗ ಪಿನ್ ವಿಷಯ. ಇಲ್ಲಿ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದು ಅಂಟುರೋಗ. ಕಾಂಪ್ಯಾಕ್ಟ್‌ಪಿಸಿಐ ಮಾದರಿಯ ಚಾಸಿಸ್‌ಗಳಲ್ಲಿ ಪಿನ್‌ಗಳು ಬ್ಯಾಕ್‌ಪ್ಲೇನ್ ಕಡೆ ಇರುತ್ತವೆ, ಒಂದರ ಪಕ್ಕ ಒಂದು ಬರೀ 2 ಮಿಲಿಮೀಟರ್ ದೂರದಲ್ಲಿ, ನೂರಾರು. ಕಾರ್ಡ್ ಕಡೆ ಇರುವುದು ತೂತು. ಕಾರ್ಡನ್ನು ಮೇಲಿನ ಕೆಳಗಿನ ಜಾಡಿನಲ್ಲಿ ಸರಿಯಾಗಿ ಕೂರಿಸದೆ ಓರೆಯಾಗಿ ತಳ್ಳಿದರೆ, ಅಥವಾ ಬಿಗಿ ಅನ್ನಿಸಿದಾಗ ನಿಲ್ಲಿಸಿ ನೋಡದೆ ಅಂಗೈಯಿಂದ ಗುದ್ದಿದರೆ ಒಂದು ಪಿನ್ ಬಾಗುತ್ತದೆ. ಸೂಜಿಯಷ್ಟು ತೆಳ್ಳಗಿನ ವಸ್ತು, ಬಾಗಿದ್ದು ಗೊತ್ತೇ ಆಗುವುದಿಲ್ಲ. ಆ ಬಾಗಿದ ಪಿನ್ ಕಾರ್ಡಿನ ಕನೆಕ್ಟರ್‌ನ ಬಾಯಿಯನ್ನು ಹಿಂಜುತ್ತದೆ. ಕಾರ್ಡ್ ಕೆಲಸ ಮಾಡಲಿಲ್ಲ. ಸ್ಲಾಟ್ ಸರಿಯಿಲ್ಲವೇನೋ ಅಂತ ಅದೇ ಕಾರ್ಡನ್ನು ಪಕ್ಕದ ಸ್ಲಾಟ್‌ಗೆ ತಳ್ಳುತ್ತಾರೆ. ಹಿಂಜಿದ ಕನೆಕ್ಟರ್ ಅಲ್ಲಿಯ ನೆಟ್ಟಗಿನ ಪಿನ್‌ಗಳನ್ನು ಬಾಗಿಸುತ್ತದೆ. ಇತ್ತ ಮೊದಲ ಸ್ಲಾಟ್‌ಗೆ ಒಳ್ಳೆಯ ಕಾರ್ಡ್ ಹಾಕಿ ಪರೀಕ್ಷೆ ಮಾಡುತ್ತಾರೆ, ಅದೂ ಹಾಳಾಗುತ್ತದೆ. ಒಂದು ಮಧ್ಯಾಹ್ನದಲ್ಲಿ ಹೀಗೆ ಮೂರು ಸ್ಲಾಟ್, ಎರಡು ಕಾರ್ಡ್ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಾಡಿದವರು ಅಯೋಗ್ಯರಲ್ಲ, ಅವಸರದಲ್ಲಿದ್ದರು. ಮೇಲಿನವರಿಂದ ಹತ್ತು ನಿಮಿಷಕ್ಕೊಂದು ಫೋನ್ ಬರುತ್ತಿತ್ತು.

ಹಾಗಾಗಿ ನನ್ನ ನಿಯಮ ಇಷ್ಟೇ. ಯಾವ ಕಾರ್ಡ್ ಹಾಕುವ ಮೊದಲೂ ಟಾರ್ಚ್ ಬಿಟ್ಟು ಸ್ಲಾಟಿನ ಪಿನ್ ನೋಡು, ಕಾರ್ಡಿನ ಕನೆಕ್ಟರ್ ನೋಡು. ಸಾಲು ನೇರ ಇದ್ದರೆ ಮಾತ್ರ ತಳ್ಳು. ಹಿಡಿಯ ಸನ್ನೆ (ಮೀಟುವ ಲಿವರ್) ತಾನಾಗಿ ಚಾಸಿಸ್‌ನ ಅಂಚನ್ನು ಕಚ್ಚಿಕೊಳ್ಳುವವರೆಗೆ ಬೆರಳ ಒತ್ತಡ ಸಾಕು, ಆಮೇಲೆ ಸನ್ನೆಯನ್ನು ಮಡಚಿದರೆ ಕಾರ್ಡ್ ತಾನೇ ಒಳಗೆ ಕೂರುತ್ತದೆ. ಕೊನೆಗೆ ಸ್ಕ್ರೂ. ಸ್ಕ್ರೂ ಬಿಗಿದು ಕಾರ್ಡನ್ನು ಒಳಗೆ ಎಳೆಯುವುದು ತಪ್ಪು ಪದ್ಧತಿ, ಪೂರ್ತಿ ಕೂತ ಮೇಲೆ ಅಲುಗಾಡದಿರಲಿ ಅಂತ ಅದನ್ನು ಬಿಗಿಯುವುದು. ಕೆಲವರು ಆ ಸ್ಕ್ರೂ ಹಾಕುವುದೇ ಇಲ್ಲ. ಫ್ಯಾನಿನ ನಡುಕಕ್ಕೆ ಕಾರ್ಡ್ ತಿಂಗಳುಗಟ್ಟಲೆ ಕೂದಲೆಳೆಯಷ್ಟು ಜರುಗಿ ಜರುಗಿ, ಒಂದು ದಿನ ಒಂದು ಪಿನ್ ಮುಟ್ಟೀ ಮುಟ್ಟದ ಹಾಗಾಗುತ್ತದೆ. ಆಗ ಬರುವ ದೋಷ ಬಂದು ಹೋಗಿ ಆಟ ಆಡಿಸುವಂಥದ್ದು. ನಾನು ಹೋದಾಗ ಎಲ್ಲ ಸರಿ, ಬೆನ್ನು ತಿರುಗಿಸಿದರೆ ಮತ್ತೆ ಶುರು.

ಪವರ್ ಇದ್ದಾಗ ಕಾರ್ಡ್ ಎಳೆಯಬಹುದೇ ಅಂತ ಕೇಳುತ್ತಾರೆ. ಕೆಲವು ಮಾದರಿಯಲ್ಲಿ ಆಗುತ್ತದೆ. ಅಂಥವುಗಳಲ್ಲಿ ಪಿನ್‌ಗಳ ಉದ್ದವೇ ಬೇರೆ ಬೇರೆ: ಉದ್ದದ ಪಿನ್ ಮೊದಲು ತಗಲುತ್ತದೆ, ಗಿಡ್ಡದ್ದು ಕೊನೆಗೆ. ಹಿಡಿ ಬಿಚ್ಚಿ ನೀಲಿ ದೀಪ ಸ್ಥಿರವಾಗಿ ಉರಿಯುವವರೆಗೆ ಕಾದರೆ ಎಳೆಯಬಹುದು. ದೀಪ ಮಿನುಗುತ್ತಿದ್ದರೆ ಇನ್ನೂ ಸಿದ್ಧವಾಗಿಲ್ಲ ಅಂತ. ಹಳೆಯ ವಿಎಂಇ ಅಥವಾ ಪಿಎಕ್ಸ್‌ಐ ಥರದ್ದರಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇಲ್ಲ, ಸ್ವಿಚ್ ಆರಿಸಿಯೇ ಮುಟ್ಟಬೇಕು. ಒಂದು ಸೂಕ್ಷ್ಮ ಇದೆ: ಪಿಎಕ್ಸ್‌ಐ ಚಾಸಿಸ್‌ಗೆ ಕಾರ್ಡ್ ಹಾಕುವಾಗ ಸ್ವಿಚ್ ಆಫ್ ಇರಲಿ, ಪ್ಲಗ್ ಮಾತ್ರ ಗೋಡೆಯಲ್ಲೇ ಇರಲಿ ಅನ್ನುತ್ತವೆ ಮ್ಯಾನ್ಯುಯಲ್‌ಗಳು. ಪ್ಲಗ್‌ನ ಮೂರನೇ ಕಡ್ಡಿಯಿಂದ ಡಬ್ಬಕ್ಕೆ ಅರ್ತ್ ಸಿಗುತ್ತಿರಲಿ ಅಂತ. ಅದೇ ಡಬ್ಬದ ಒಳಗೆ ಕೈ ಹಾಕುವ ಕೆಲಸ ಇದ್ದರೆ, ಪವರ್ ಸಪ್ಲೈ ಅಥವಾ ಫ್ಯಾನ್ ಬಿಚ್ಚುವುದಿದ್ದರೆ, ಪ್ಲಗ್ ಕೀಳಲೇಬೇಕು. ಈ ಎರಡನ್ನು ಅದಲುಬದಲು ಮಾಡಿಕೊಳ್ಳಬೇಡಿ.

ಮೈಯ ಸ್ಥಿರ ವಿದ್ಯುತ್ತನ್ನು ಅರ್ತ್‌ಗೆ ಇಳಿಸುವ ಪಟ್ಟಿಯನ್ನು ಕೈಗೆ ಕಟ್ಟಿಕೊಳ್ಳಿ ಅಂದರೆ ಹುಡುಗರು ನಗುತ್ತಾರೆ. 'ಇಷ್ಟು ವರ್ಷ ಕಟ್ಟಿಕೊಳ್ಳದೇ ಮಾಡಿದ್ದೇವೆ, ಏನೂ ಆಗಿಲ್ಲ' ಅನ್ನುತ್ತಾರೆ. ನಿಮಗೆ ಆಗಿಲ್ಲ, ಕಾರ್ಡಿಗೆ ಆಗಿರಬಹುದು. ಸುಮಾರು 3,000 ವೋಲ್ಟ್‌ಗಿಂತ ಕಡಿಮೆ ಇರುವ ಸ್ಥಿರ ವಿದ್ಯುತ್ತು ಮೈಯಿಂದ ಹಾರಿದರೆ ನಮ್ಮ ಚರ್ಮಕ್ಕೆ ಗೊತ್ತೇ ಆಗುವುದಿಲ್ಲ. ಕೆಲವು ಬಿಡಿಭಾಗ ಸಾಯುವುದಕ್ಕೆ 100 ವೋಲ್ಟ್ ಸಾಕು. ಕೆಲವು ಸಲ ಸಾಯುವುದೂ ಇಲ್ಲ, ಅರೆಜೀವವಾಗಿ ಉಳಿದು ಆರು ತಿಂಗಳ ನಂತರ ಕೈಕೊಡುತ್ತದೆ. ಆಗ ಮತ್ತೆ ಹೆಸರು ಕೆಡುವುದು ಕಾರ್ಡಿನದೇ. ಪಟ್ಟಿಯ ತಂತಿಯಲ್ಲಿ 1 ಮೆಗಾ ಓಮ್ ತಡೆ ಇರುತ್ತದೆ, ಅಕಸ್ಮಾತ್ ಕೈ ಪವರ್‌ಗೆ ತಗಲಿದರೆ ನಿಮ್ಮ ಮೂಲಕ ಜಾಸ್ತಿ ಕರೆಂಟ್ ಹರಿಯದಿರಲಿ ಅಂತ. ಪಟ್ಟಿ ಕಟ್ಟಿಕೊಳ್ಳುವ ಬದಲು ಬರೀ ತಂತಿ ಸುತ್ತಿಕೊಳ್ಳುವ ಜಾಣರೂ ಇದ್ದಾರೆ. ದಯವಿಟ್ಟು ಬೇಡ.

ಎರಡು ಪವರ್ ಸಪ್ಲೈ ಇರುವ ಚಾಸಿಸ್ ತರಿಸಲು ಸಮಿತಿ ಕೂತು ಹಣ ಮಂಜೂರು ಮಾಡುತ್ತದೆ, ಒಂದು ಹೋದರೆ ಇನ್ನೊಂದು ಇರಲಿ ಅಂತ. ಬಂದ ಮೇಲೆ ಎರಡನ್ನೂ ಒಂದೇ ಪ್ಲಗ್ ಪಟ್ಟಿಗೆ ಚುಚ್ಚುತ್ತಾರೆ! ಆ ಪಟ್ಟಿಯ ಸ್ವಿಚ್‌ಗೆ ಯಾರದೋ ಕಾಲು ತಗಲಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಒಂದು ಯುಪಿಎಸ್ ಕಡೆಯಿಂದ, ಇನ್ನೊಂದು ಬೇರೆ ದಾರಿಯಿಂದ ಬರಬೇಕು. ಜೊತೆಗೆ, ಎರಡೂ ಸೇರಿ ಹೊರುವ ಹೊರೆ ಒಂದರ ತಾಕತ್ತಿಗಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಒಂದು ಬಿದ್ದ ಕ್ಷಣ ಇನ್ನೊಂದೂ ಭಾರ ತಾಳದೆ ಬೀಳುತ್ತದೆ. ಇದನ್ನು ಖಾತ್ರಿ ಮಾಡಿಕೊಳ್ಳಲು ಒಂದೇ ದಾರಿ. ಕೂರಿಸಿದ ದಿನ, ಕೆಲಸ ಇನ್ನೂ ಒಪ್ಪಿಸುವ ಮೊದಲು, ಎಲ್ಲ ಕಾರ್ಡ್ ಓಡುತ್ತಿರುವಾಗ ಒಂದರ ಪ್ಲಗ್ ಕಿತ್ತು ನೋಡಬೇಕು. ಆಮೇಲೆ ಇನ್ನೊಂದರದ್ದು. ಕೇಳಿದರೆ 'ಏನಾದರೂ ಆದರೆ?' ಅನ್ನುತ್ತಾರೆ. ಇವತ್ತು ಆಗಲಿ ಸ್ವಾಮಿ, ನಾವೆಲ್ಲ ಇಲ್ಲೇ ಇದ್ದೇವಲ್ಲ.

ಇನ್ನು ಫಿಲ್ಟರ್, ನಾನು ಉಳಿಸಿಕೊಳ್ಳಿ ಅಂದದ್ದು. ಫ್ಯಾನ್ ಮುಂದಿನ ಸ್ಪಂಜಿನಂಥ ಹಾಳೆ. ಅದನ್ನು ಎಷ್ಟು ದಿನಕ್ಕೊಮ್ಮೆ ತೆಗೆಯಬೇಕು ಅನ್ನುವುದು ಕೋಣೆಯ ಧೂಳಿನ ಮೇಲೆ ಹೋಗುತ್ತದೆ. ಮೊದಲ ವರ್ಷ ತಿಂಗಳಿಗೊಮ್ಮೆ ನೋಡಿ, ಆಮೇಲೆ ನಿಮಗೇ ಲೆಕ್ಕ ಸಿಗುತ್ತದೆ. ಫಿಲ್ಟರ್ ಎರಡು ಜೊತೆ ಇಟ್ಟುಕೊಳ್ಳಿ. ಒಂದನ್ನು ತೆಗೆದ ತಕ್ಷಣ ಇನ್ನೊಂದನ್ನು ಹಾಕಿ, ತೆಗೆದದ್ದನ್ನು ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಪೂರ್ತಿ ಅಂದರೆ ಪೂರ್ತಿ. ಒದ್ದೆ ಫಿಲ್ಟರ್ ಹಾಕಿ ಫ್ಯಾನ್ ಓಡಿಸಿದರೆ ಆ ತೇವವೆಲ್ಲ ಹೋಗುವುದು ಬ್ಯಾಕ್‌ಪ್ಲೇನ್ ಮೇಲೆ. ಧೂಳನ್ನು ರ‍್ಯಾಕ್ ಮುಂದೆಯೇ ಕೊಡವಬೇಡಿ ಅಂತಲೂ ಹೇಳಬೇಕಾಗಿ ಬಂದಿದೆ, ಯಾಕೆಂದರೆ ಕೊಡವಿದವರನ್ನು ನೋಡಿದ್ದೇನೆ. ಕೆಲವರು ಫಿಲ್ಟರ್ ಕಟ್ಟಿಕೊಂಡಿದೆ ಅಂತ ಅದನ್ನು ಕಿತ್ತೇ ಬಿಸಾಡುತ್ತಾರೆ, ಗಾಳಿ ಚೆನ್ನಾಗಿ ಬರಲಿ ಅಂತ. ಒಂದು ವಾರ ಚೆನ್ನಾಗಿಯೇ ಬರುತ್ತದೆ. ಆಮೇಲೆ ಆ ಧೂಳು ಕಾರ್ಡ್ ಮೇಲೆ ಹೊದಿಕೆಯಾಗಿ ಕೂರುತ್ತದೆ.

ಒಳಗೆ ಧೂಳು ತುಂಬಿದ್ದರೆ ಒತ್ತಡದ ಗಾಳಿ ಬಿಡುವ ಆಸೆ ಎಲ್ಲರಿಗೂ. ಬಿಡುವುದಾದರೆ ಪವರ್ ತೆಗೆದು, ಫ್ಯಾನ್‌ನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿದು ಬಿಡಿ. ಇಲ್ಲದಿದ್ದರೆ ರೆಕ್ಕೆ ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಆ ಕಿರುಚುವ ಸದ್ದು ಕೇಳಿ ಖುಷಿಪಡುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಫ್ಯಾನ್ ಕೂಡ ಸವೆಯುವ ವಸ್ತುವೇ. ಒಳ್ಳೆಯ ಬಾಲ್ ಬೇರಿಂಗ್ ಫ್ಯಾನ್‌ಗೆ ತಯಾರಕರು 40 ಡಿಗ್ರಿಯಲ್ಲಿ ಸುಮಾರು 60ರಿಂದ 70 ಸಾವಿರ ಗಂಟೆ ಆಯಸ್ಸು ಬರೆಯುತ್ತಾರೆ. ವರ್ಷಕ್ಕೆ 8,760 ಗಂಟೆ, ಅಂದರೆ ಬಿಡದೆ ಓಡಿದರೆ ಏಳೆಂಟು ವರ್ಷ. ಆ ಅಂಕಿಯ ಅರ್ಥ ಅಷ್ಟು ವರ್ಷ ಗ್ಯಾರಂಟಿ ಅಂತ ಅಲ್ಲ, ಅಷ್ಟರೊಳಗೆ ನೂರಕ್ಕೆ ಹತ್ತು ಫ್ಯಾನ್ ಹೋಗಿರುತ್ತವೆ ಅಂತ. ಪವರ್ ಸಪ್ಲೈ ಒಳಗೆ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳ ಕಥೆಯೂ ಬಿಸಿಗೆ ಸೇರಿದ್ದು: 10 ಡಿಗ್ರಿ ಹೆಚ್ಚಾದರೆ ಆಯಸ್ಸು ಅರ್ಧ ಅನ್ನುವುದು ಕಸುಬಿನವರ ಲೆಕ್ಕ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವಂಥದ್ದು 55 ಡಿಗ್ರಿಯಲ್ಲಿ 64,000 ಗಂಟೆ, ಏಳು ವರ್ಷಕ್ಕಿಂತ ಜಾಸ್ತಿ, ಬಾಳಬೇಕು. ಫಿಲ್ಟರ್ ಕಟ್ಟಿಕೊಂಡು 65 ಡಿಗ್ರಿ ಆಯಿತೋ, ಮೂರೂವರೆ ವರ್ಷಕ್ಕೆ ಮುಗಿಯಿತು. ಮೇಲೆ ಹೇಳಿದ 10 ಡಿಗ್ರಿ 20 ಆಗುವ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ. ತೊಳೆಯದ ಒಂದು ಸ್ಪಂಜಿಗೆ ಮೂರೂವರೆ ವರ್ಷ.

ಈಗಿನ ಚಾಸಿಸ್‌ಗಳು ಬುದ್ಧಿವಂತ, ತಮ್ಮ ಬಿಸಿ, ಫ್ಯಾನಿನ ವೇಗ, ವೋಲ್ಟೇಜ್ ಎಲ್ಲ ತಾವೇ ನೋಡಿಕೊಂಡು ಅಲಾರ್ಮ್ ಕೊಡುತ್ತವಲ್ಲ ಅಂತ ಯಾರಾದರೂ ಹೇಳಬಹುದು. ಕೊಡುತ್ತವೆ, ನಿಜ. ಕೇಳುವವರು ಯಾರು? ಹಿಂಬದಿಯಲ್ಲಿ ಅಲಾರ್ಮ್ ತಂತಿ ಸೇರಿಸುವ ಜಾಗ ಇರುತ್ತದೆ, ನಾನು ನೋಡಿದ ಬಹುತೇಕ ಕಡೆ ಅದಕ್ಕೆ ತಂತಿಯೇ ಇರಲಿಲ್ಲ. ಒಂದು ಕಡೆ ಫ್ಯಾನ್ ಕೆಟ್ಟ ಸೂಚನೆಯ ದೀಪ ಕಣ್ಣಿಗೆ ಚುಚ್ಚುತ್ತದೆ ಅಂತ ಅದರ ಮೇಲೆ ಕಪ್ಪು ಟೇಪ್ ಅಂಟಿಸಿದ್ದರು. ಇನ್ನೊಂದು ಕಡೆ ಫ್ಯಾನ್ ಸದ್ದು ಜಾಸ್ತಿ ಅಂತ ಗಾಳಿ ಬರುವ ಕಿಂಡಿಗೇ ರಟ್ಟು ಮುಚ್ಚಿದ್ದರು. ಇಂಥದ್ದಕ್ಕೆ ಯಾವ ಸೆನ್ಸರ್ ಏನು ಮಾಡೀತು?

ಇದೆಲ್ಲ ಯಾಕೆ ಹೀಗೆ ಅಂದರೆ, ಡಬ್ಬಕ್ಕೆ ವಾರಸುದಾರರಿಲ್ಲ. ಕಾರ್ಡ್ ಒಂದು ವಿಭಾಗದ್ದು, ರ‍್ಯಾಕ್ ಕಟ್ಟಡ ನೋಡಿಕೊಳ್ಳುವವರದ್ದು, ವಿದ್ಯುತ್ತು ಎಲೆಕ್ಟ್ರಿಷಿಯನ್‌ದು, ಏಸಿ ಗುತ್ತಿಗೆದಾರರದ್ದು. ನಡುವೆ ಕೂತ ಚಾಸಿಸ್ ಯಾರದ್ದು ಅಂತ ಕೇಳಿದರೆ ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಾರೆ. ಖರೀದಿ ಪಟ್ಟಿಯಲ್ಲಿ ಚಾಸಿಸ್ ಇರುತ್ತದೆ, ಕಾರ್ಡ್ ಇರುತ್ತದೆ. ಎರಡನೇ ಜೊತೆ ಫಿಲ್ಟರ್, ಒಂದು ಹೆಚ್ಚುವರಿ ಫ್ಯಾನ್ ಟ್ರೇ, ಖಾಲಿ ಸ್ಲಾಟ್‌ಗೆ ಬ್ಲ್ಯಾಂಕ್ ಪ್ಯಾನೆಲ್ ಇರುವುದಿಲ್ಲ. ಬಿಟ್ಟಿದ್ದನ್ನು ಆಮೇಲೆ ತರಿಸಲು ಹೊಸ ಕಡತ ತೆರೆಯಬೇಕು, ಹಾಗಾಗಿ ಯಾರೂ ತರಿಸುವುದಿಲ್ಲ. ಕಾರ್ಡ್ ಕೆಟ್ಟರೆ ಮಾತ್ರ ಆ ದಿನವೇ ಹಣ ಬಿಡುಗಡೆ.

ಹಾಗಂತ ಎಲ್ಲ ಕಡೆಯೂ ಹೀಗೆಯೇ ಅಂತ ಹೇಳಲಾರೆ. ಒಂದು ಪ್ರಯೋಗಾಲಯದಲ್ಲಿ ಒಬ್ಬ ಹಿರಿಯ ಸಹಾಯಕರಿದ್ದರು. ರ‍್ಯಾಕ್ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದರು. ಯಾವ ಸ್ಲಾಟಿನಲ್ಲಿ ಯಾವ ಕಾರ್ಡ್, ಅದರ ಸೀರಿಯಲ್ ನಂಬರ್, ಫರ್ಮ್‌ವೇರ್ (ಕಾರ್ಡ್ ಒಳಗಿನ ಪ್ರೋಗ್ರಾಂ) ಯಾವುದು, ಯಾವತ್ತು ಹಾಕಿದ್ದು, ಫಿಲ್ಟರ್ ಯಾವತ್ತು ತೊಳೆದದ್ದು, ಕೆಳಗೆ ಸಹಿ. ಪೆನ್ಸಿಲ್‌ನಲ್ಲಿ ಬರೆದಿದ್ದರು, ತಿದ್ದಲು ಸುಲಭ ಅಂತ. ಪ್ರತಿ ಕೇಬಲ್‌ನ ಎರಡೂ ತುದಿಗೆ ಚೀಟಿ. ಕಾರ್ಡ್ ಎಳೆದು ಹಾಕಲು ಬೇಕಾಗುವಷ್ಟು ಸಡಿಲ ಬಿಟ್ಟು ಕೇಬಲ್‌ಗಳನ್ನು ಪಕ್ಕಕ್ಕೆ ಕಟ್ಟಿದ್ದರು, ಒಂದೂ ಗಾಳಿಯ ದಾರಿಗೆ ಅಡ್ಡ ಇರಲಿಲ್ಲ. ಆ ಚಾಸಿಸ್ ಹನ್ನೊಂದನೇ ವರ್ಷದಲ್ಲಿ ಓಡುತ್ತಿತ್ತು. ನನ್ನನ್ನು ಕರೆಸಿದ್ದು ರಿಪೇರಿಗಲ್ಲ, ಫ್ಯಾನ್ ಇನ್ನೂ ಚೆನ್ನಾಗಿರುವಾಗಲೇ ಬದಲಾಯಿಸಲು. ಅವತ್ತು ನಾನು ಮಾಡಿದ ಕೆಲಸ ಅರ್ಧ ಗಂಟೆಯದ್ದು, ಅವರ ಜೊತೆ ಮಾತಾಡುತ್ತಾ ಕೂತದ್ದು ಎರಡು ಗಂಟೆ. ಅವರು ನಿವೃತ್ತರಾದ ಮೇಲೆ ಆ ಹಾಳೆಯನ್ನು ಯಾರು ಬರೆಯುತ್ತಿದ್ದಾರೋ ಕೇಳಬೇಕು ಅಂತಿದ್ದೇನೆ, ಕೇಳಲು ಧೈರ್ಯ ಬಂದಿಲ್ಲ.

ಸಂಪಾದಕರೇ, ನಿಮ್ಮ ತಂತ್ರಜ್ಞಾನ ಪುಟದಲ್ಲಿ ಹೊಸದು ಬಂದದ್ದರ ಸುದ್ದಿ ಬರುತ್ತದೆ, ಬರಲಿ. ತಿಂಗಳಿಗೊಂದು ಮೂಲೆ ಉಳಿಸಿಕೊಳ್ಳುವ ಕೆಲಸಕ್ಕೂ ಕೊಡಿ, ಬರೆಯುವವರು ಬೇಕಾದಷ್ಟು ಜನ ಸಿಗುತ್ತೇವೆ. ಮತ್ತು ಇನ್ನೊಂದು ಸಣ್ಣ ಕೋರಿಕೆ. ಮುಂದಿನ ಸಲ ಯಾವುದಾದರೂ ಕಂಟ್ರೋಲ್ ರೂಮ್ ಉದ್ಘಾಟನೆಗೆ ನಿಮ್ಮ ವರದಿಗಾರರು ಹೋದಾಗ ರಿಬ್ಬನ್ ಫೋಟೊ ತೆಗೆದಾದ ಮೇಲೆ ಹಿಂದಿನ ಬಾಗಿಲನ್ನೂ ತೆರೆಸಿ ಒಂದು ಫೋಟೊ ತೆಗೆಯಲು ಹೇಳಿ. ಜೊತೆಗೆ ಅಲ್ಲಿದ್ದವರನ್ನು ಒಂದು ಪ್ರಶ್ನೆ ಕೇಳಲಿ: ಇದರ ಫಿಲ್ಟರ್ ತೊಳೆಯುವವರ ಹೆಸರೇನು? ಉತ್ತರ ಸಿಕ್ಕರೆ ಆ ಹೆಸರನ್ನು ಫೋಟೊ ಕೆಳಗೆ ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ,
ಒಬ್ಬ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್